ಪ್ರಬಂಧಕ್ಕೆ ಹತ್ತು ವಾರ ಉಳಿದಿದೆ, ಕೂತು ಬರೆಯೋಕೇ ಆಗ್ತಿಲ್ಲ. ಸಮಯ ಹೊಂದಿಸೋದು ಹೇಗೆ?

ವಿಜಯನಗರ_ಓದುಗಿ:

ಎಲ್ಲರಿಗೂ ನಮಸ್ಕಾರ. ದೂರಶಿಕ್ಷಣದಲ್ಲಿ ಎಂ.ಎ. ಇತಿಹಾಸ ಮಾಡ್ತಿದ್ದೀನಿ. ಬೆಂಗಳೂರಿನ ಹಳೇ ಕೆರೆಗಳ ಬಗ್ಗೆ 80 ಪುಟದ ಪ್ರಬಂಧ ಕೊಡಬೇಕು. ಉಳಿದಿರೋದು ಹತ್ತು ವಾರ, ಬರೆದಿರೋದು 12 ಪುಟ. ಸಾಮಗ್ರಿಗೇನೂ ಕೊರತೆಯಿಲ್ಲ. ಮೊಬೈಲಲ್ಲಿ ತೆಗೆದ ಪುಸ್ತಕದ ಪುಟಗಳ ಫೋಟೊ, ಪಿಡಿಎಫ್‌ಗಳು, ಎರಡು ನೋಟ್‌ಬುಕ್ ಭರ್ತಿ ಟಿಪ್ಪಣಿ ಇದೆ.

ಮನೆ ವಿಜಯನಗರ, ಆಫೀಸು ಕುಂದಲಹಳ್ಳಿ. ವಾರಕ್ಕೆ ಮೂರು ದಿನ ಮೆಟ್ರೊದಲ್ಲಿ ಓಡಾಟ, ಎರಡು ದಿನ ಮನೆಯಿಂದಲೇ ಕೆಲಸ. ಆಫೀಸಿನ ದಿನ ಮನೆ ಸೇರುವಾಗ ರಾತ್ರಿ ಎಂಟೂಕಾಲು. ಅಡುಗೆ, ಊಟ, ಮಗನ ಹೋಮ್‌ವರ್ಕ್ ಎಲ್ಲ ಮುಗಿಯುವಾಗ ಒಂಬತ್ತೂವರೆ. ಆಮೇಲೆ ಲ್ಯಾಪ್‌ಟಾಪ್ ತೆಗೆದರೆ ಬರೆದಿದ್ದನ್ನೇ ತಿದ್ದುತ್ತಾ ಕೂರ್ತೀನಿ, ಇಲ್ಲಾ ಹೊಸ ಪಿಡಿಎಫ್ ಹುಡುಕ್ತೀನಿ. ಭಾನುವಾರ ಇಡೀ ದಿನ ಬರೆಯೋಣ ಅಂತ ಎತ್ತಿಟ್ಟರೆ ಅದೂ ಕೈಗೆ ಹತ್ತಲ್ಲ. ಇದರ ಜೊತೆಗೆ ಮನೆಯ ಇ-ಖಾತಾ, ಸ್ಕೂಟರ್ ವಿಮೆ, ಆದಾಯ ತೆರಿಗೆ ರಿಟರ್ನ್ ಹೀಗೆ ಸಣ್ಣ ಕೆಲಸಗಳೂ ಸಾಲುಗಟ್ಟಿ ನಿಂತಿವೆ. ಅವನ್ನು ನೆನೆಸಿಕೊಂಡರೆ ಬರೆಯೋಕೆ ಆಗಲ್ಲ, ಬರೆಯೋದನ್ನ ನೆನೆಸಿಕೊಂಡರೆ ಅವೂ ಆಗಲ್ಲ.

'ಮನಸ್ಸು ಮಾಡಿ, ಆಗುತ್ತೆ' ಅನ್ನೋ ಮಾತು ಬೇಡ, ದಯವಿಟ್ಟು. ಯಾವ ಹೊತ್ತಲ್ಲಿ, ಎಷ್ಟು ಹೊತ್ತು, ಮೊದಲು ಏನು ಅನ್ನೋದನ್ನು ಬಿಡಿಸಿ ಹೇಳಿ.

---

ಕರಡು_ತಿದ್ದುವವ:

ಮೊದಲು 'ಭಾನುವಾರ ಇಡೀ ದಿನ' ಅನ್ನುವುದನ್ನು ಕೈಬಿಡಿ ಮೇಡಂ. ಇಂಥ ಕೆಲಸಕ್ಕೆ ಬಿಡುವಿನ ಇಡೀ ದಿನ ಒಗ್ಗುವುದೇ ಇಲ್ಲ. ಮುಂದೆ ಎಂಟು ಗಂಟೆ ಇದೆ ಅಂದಾಗ ಹತ್ತಕ್ಕೆ ಶುರುಮಾಡಿದರೂ ನಡೆಯುತ್ತದೆ, ಹನ್ನೆರಡಕ್ಕಾದರೂ ನಡೆಯುತ್ತದೆ. ಶುರುಮಾಡಲೇಬೇಕಾದ ಗಳಿಗೆ ಅಂತ ಒಂದು ಬರುವುದೇ ಇಲ್ಲ. ಸಂಜೆ ನಾಲ್ಕಾದ ಮೇಲೆ ಇನ್ನೇನು ದಿನ ಹೋಯಿತು ಅನ್ನಿಸಿ ಮುಂದಿನ ಭಾನುವಾರಕ್ಕೆ ಹೋಗುತ್ತದೆ.

ನೀವು ಸೋಮಾರಿಯಲ್ಲ. ಸೋಮಾರಿಯಾಗಿದ್ದರೆ ಎರಡು ನೋಟ್‌ಬುಕ್ ತುಂಬುತ್ತಿರಲಿಲ್ಲ. ಟಿಮೊತಿ ಪಿಚಿಲ್, ಫ್ಯೂಷಿಯಾ ಸಿರೊಯ್ ಎಂಬ ಮನೋವಿಜ್ಞಾನಿಗಳು ಕೆಲಸ ಮುಂದೂಡುವುದರ ಬಗ್ಗೆಯೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. 2013ರಲ್ಲಿ ಅವರು ಬರೆದ ಲೇಖನದ ಸಾರ ಇಷ್ಟು: ಕೆಲಸ ನೆನೆದ ಕೂಡಲೇ ಮನಸ್ಸಿಗೆ ಹಿಂಸೆಯಾಗುತ್ತದೆ, ಅದನ್ನು ಪಕ್ಕಕ್ಕಿಟ್ಟರೆ ತಕ್ಷಣ ಹಗುರಾಗುತ್ತದೆ, ಆ ಹಗುರವೇ ಮತ್ತೆ ಮತ್ತೆ ಪಕ್ಕಕ್ಕಿಡುವುದನ್ನು ಕಲಿಸುತ್ತದೆ. ಆದ್ದರಿಂದ ಬರೀ ವೇಳಾಪಟ್ಟಿ ಹಾಕಿದರೆ ಸಾಲದು. ಕೂತಾಗ ಆಗುವ ಆ ಮೊದಲ ಹಿಂಸೆಯನ್ನೇ ಚಿಕ್ಕದು ಮಾಡಬೇಕು.

ಅದಕ್ಕೆ ಕೆಲಸವನ್ನು ಚೀಟಿಯಾಗಿ ಒಡೆಯಿರಿ. 'ಮೂರನೇ ಅಧ್ಯಾಯ ಬರೆಯಬೇಕು' ಎನ್ನುವುದು ಕೆಲಸವಲ್ಲ, ಅದು ಬೆಟ್ಟ. ಚೀಟಿಯಲ್ಲಿ ಮೂರು ಸಂಗತಿ ಇರಬೇಕು: ಯಾವ ವಿಷಯ, ಅದಕ್ಕೆ ಏನು ಮಾಡುವುದು, ಎಷ್ಟು. ನಿಮ್ಮ ವಿಷಯದಲ್ಲೇ ಹೇಳುವುದಾದರೆ:

'ಧರ್ಮಾಂಬುಧಿ ಕೆರೆಯ ಜಾಗ ಮೆಜೆಸ್ಟಿಕ್ ಬಸ್ ನಿಲ್ದಾಣವಾದದ್ದು, ನೋಟ್‌ಬುಕ್ ನೋಡಿಕೊಂಡು ಎರಡು ಪ್ಯಾರಾ ಬರೆಯುವುದು.'

'ಸಂಪಂಗಿ ಕೆರೆ ಮತ್ತು ಕಂಠೀರವ ಕ್ರೀಡಾಂಗಣ, ಎರಡು ನಕ್ಷೆ ಹೋಲಿಸಿ ಐದು ವಾಕ್ಯ.'

ಒಂದು ಚೀಟಿಗೆ 40 ನಿಮಿಷಕ್ಕಿಂತ ಹೆಚ್ಚು ಬೇಕು ಅನ್ನಿಸಿದರೆ ಅದನ್ನೇ ಮತ್ತೆ ಎರಡು ಮಾಡಿ. ಒಂದು ಸಲಕ್ಕೆ ಒಂದೇ ಅಧ್ಯಾಯದ ಎಂಟು ಹತ್ತು ಚೀಟಿ ಸಾಕು. ಐದೂ ಅಧ್ಯಾಯಕ್ಕೆ ಬಣ್ಣಬಣ್ಣದ ಚೀಟಿ ಮಾಡಲು ಕೂತರೆ ಮೂರು ಸಂಜೆ ಅದರಲ್ಲೇ ಕಳೆಯುತ್ತದೆ, ಬರೆದ ಸಾಲು ಒಂದೂ ಇರುವುದಿಲ್ಲ. ಯೋಜನೆ ಹಾಕುವುದೂ ಬರವಣಿಗೆಯಿಂದ ತಪ್ಪಿಸಿಕೊಳ್ಳುವ ಒಂದು ದಾರಿಯೇ.

ಇನ್ನೊಂದು ದಾರಿಯನ್ನು ನೀವೇ ಹೇಳಿದ್ದೀರಿ, ಹೊಸ ಪಿಡಿಎಫ್ ಹುಡುಕುವುದು. ಬರೆಯುವಾಗ ಇಸವಿ ನೆನಪಾಗಲಿಲ್ಲವೆಂದರೆ ಹುಡುಕಲು ಹೋಗಬೇಡಿ. ಅಲ್ಲೇ 'ಇಸವಿ ಬೇಕು' ಎಂದು ಬರೆದು ಹಳದಿ ಬಣ್ಣ ಬಳಿದು ಮುಂದಿನ ವಾಕ್ಯಕ್ಕೆ ಹೋಗಿ. ವಾರದ ಕೊನೆಗೆ ಆ ಹಳದಿ ಜಾಗಗಳನ್ನೆಲ್ಲ ಒಟ್ಟಿಗೆ ತುಂಬಿಕೊಳ್ಳಬಹುದು. ಹಾಗೆಯೇ ಮೊದಲ ಕರಡು ಮುಗಿಯುವ ತನಕ ಹಿಂದಿನ ಪುಟ ತಿದ್ದುವಂತಿಲ್ಲ. ನಿನ್ನೆಯ ಕೊನೆಯ ಪ್ಯಾರಾ ಮಾತ್ರ ಓದಿ ಮುಂದುವರಿಸಿ.

ಕೂರುವ ಹೊತ್ತನ್ನು ಗಡಿಯಾರಕ್ಕೆ ಕಟ್ಟುವ ಬದಲು ಮನೆಯಲ್ಲಿ ಹೇಗೂ ನಡೆಯುವ ಒಂದು ಸಂಗತಿಗೆ ಕಟ್ಟಿ. 'ಇಂಥದ್ದು ಆದ ಕೂಡಲೇ, ಇಂಥ ಜಾಗದಲ್ಲಿ ಕೂತು, ಇಂಥದ್ದನ್ನು ಮಾಡುತ್ತೇನೆ' ಎಂದು ಪೂರ್ತಿ ವಾಕ್ಯ ಬರೆದಿಟ್ಟುಕೊಂಡವರು ಬರೀ 'ಮಾಡಬೇಕು' ಅಂದುಕೊಂಡವರಿಗಿಂತ ಚೆನ್ನಾಗಿ ಕೆಲಸ ಮುಗಿಸುತ್ತಾರೆ. ಇದನ್ನು ಪೀಟರ್ ಗಾಲ್ವಿಟ್ಸರ್ ಎಂಬ ಮನೋವಿಜ್ಞಾನಿ ತೋರಿಸಿದ್ದರು, 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಅದು ನಿಂತಿತು. ನಿಮಗೆ ಹೊಂದುವ ವಾಕ್ಯ ಹೀಗಿರಬಹುದು: 'ಮಗ ಸ್ಕೂಲ್ ವ್ಯಾನ್ ಹತ್ತಿದ ಕೂಡಲೇ ಊಟದ ಮೇಜಿಗೆ ಬಂದು ಸಂಪಂಗಿ ಕೆರೆ ಚೀಟಿ ಶುರುಮಾಡುತ್ತೇನೆ.' ವ್ಯಾನು ಹತ್ತು ನಿಮಿಷ ತಡವಾಗಿ ಬಂದರೂ ಈ ವಾಕ್ಯ ಕೆಡುವುದಿಲ್ಲ. 'ಏಳೂಮುಕ್ಕಾಲಿಗೆ' ಎಂದು ಬರೆದಿದ್ದರೆ ಕೆಡುತ್ತಿತ್ತು.

ಕೊನೆಯದು, ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು. ಪ್ರತಿ ಸಲ ಏಳುವ ಮುಂಚಿನ ಐದು ನಿಮಿಷವನ್ನು ಮುಂದಿನ ಸಲಕ್ಕೆ ಮೀಸಲಿಡಿ. ಮುಂದಿನ ಚೀಟಿಯ ಶೀರ್ಷಿಕೆ ಟೈಪ್ ಮಾಡಿ, ಬೇಕಾದ ಆಕರದ ಪುಟ ಪಕ್ಕದಲ್ಲಿ ತೆರೆದಿಡಿ, ಮೊದಲ ವಾಕ್ಯವನ್ನು ಅರ್ಧ ಬರೆದು ಬಿಡಿ. ಫೈಲ್ ಮುಚ್ಚಬೇಡಿ, ಲ್ಯಾಪ್‌ಟಾಪ್ ಮಾತ್ರ ಮುಚ್ಚಿ. ಮರುದಿನ ತೆರೆದರೆ ಕಾಣುವುದು ಖಾಲಿ ಪುಟವಲ್ಲ, ಮುಗಿಸಬೇಕಾದ ಅರ್ಧ ವಾಕ್ಯ. ಅದನ್ನು ಮುಗಿಸಲು ಯಾರಿಗೂ ಮೀನಮೇಷ ಎಣಿಸುವ ಅಗತ್ಯ ಬೀಳುವುದಿಲ್ಲ.

---

ಲೆಕ್ಕದ_ಪುಸ್ತಕ:

ಮೇಲಿನ ಮಾತೆಲ್ಲ ಸರಿ. ಆದರೆ ಯಾರೂ ಲೆಕ್ಕ ಹಾಕಿಲ್ಲ. ಹಾಕೋಣ.

ಎ4 ಹಾಳೆ, 14 ಅಳತೆಯ ಅಕ್ಷರ, ಒಂದೂವರೆ ಸಾಲಿನ ಅಂತರ ಅಂದುಕೊಂಡರೆ ಕನ್ನಡದಲ್ಲಿ ಪುಟಕ್ಕೆ ಸುಮಾರು 250 ಪದ. ಉಳಿದ 68 ಪುಟಕ್ಕೆ 17,000 ಪದ. ಸಾಮಗ್ರಿ ಕೈಯಲ್ಲಿರುವವರು ಕರಡನ್ನು ಗಂಟೆಗೆ 250 ಪದದಂತೆ ಬರೆಯಬಲ್ಲರು ಅಂತ ಇಟ್ಟುಕೊಳ್ಳಿ. ಇದಕ್ಕಿಂತ ಜಾಸ್ತಿ ಹಿಡಿದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ.

ನಿಮ್ಮ ವಾರದಲ್ಲಿ ಸಿಗುವುದು ಎಷ್ಟು? ಆಫೀಸಿನ ಮೂರು ದಿನ ತಲಾ 40 ನಿಮಿಷ, ಎರಡು ಗಂಟೆ. ಮನೆಯಿಂದ ಕೆಲಸ ಮಾಡುವ ಎರಡು ದಿನ ಓಡಾಟ ಉಳಿಯುವುದರಿಂದ ತಲಾ 90 ನಿಮಿಷ, ಮೂರು ಗಂಟೆ. ಶನಿವಾರ ಬೆಳಿಗ್ಗೆ 90 ನಿಮಿಷದ ಎರಡು ಪಾಳಿ, ಮೂರು ಗಂಟೆ. ಒಟ್ಟು ಎಂಟು ಗಂಟೆ, ಅಂದರೆ ವಾರಕ್ಕೆ 2,000 ಪದ. 17,000 ಪದಕ್ಕೆ ಎಂಟೂವರೆ ವಾರ ಬೇಕು. ಗೈಡ್ ಓದಿ ತಿದ್ದುವುದಕ್ಕೆ ಎರಡು ವಾರ, ಪ್ರಿಂಟು ಬೈಂಡಿಂಗಿಗೆ ಒಂದು ವಾರ ಅಂದರೆ ಹನ್ನೊಂದೂವರೆ ವಾರ ಆಯಿತು. ನಿಮ್ಮ ಹತ್ತಿರ ಇರುವುದು ಹತ್ತು.

ಅಂದರೆ ನಿಮ್ಮ ಹೆದರಿಕೆಯಲ್ಲಿ ಅರ್ಧ ಪಾಲು ನಿಜವಾದ ಹೆದರಿಕೆ. ಈಗಿನ ಅಳತೆಯಲ್ಲಿ ಕೆಲಸ ಹಿಡಿಸುವುದೇ ಇಲ್ಲ, ಅದು ಮನಸ್ಸಿಗೆ ಗೊತ್ತಾಗಿ ಹಿಂದೆ ಸರಿಯುತ್ತಿದೆ. ಹಾಗಾಗಿ ಮೊದಲ ಕೆಲಸ ಬರೆಯುವುದಲ್ಲ, ಗೈಡ್‌ಗೆ ಇವತ್ತೇ ಒಂದು ಮೇಲ್ ಹಾಕುವುದು: 'ಕನಿಷ್ಠ ಎಷ್ಟು ಪುಟ ಇರಬೇಕು? ನಕ್ಷೆ, ಚಿತ್ರ, ಅನುಬಂಧ, ಗ್ರಂಥಋಣ ಆ ಲೆಕ್ಕಕ್ಕೆ ಸೇರುತ್ತವೆಯೇ? ಅಧ್ಯಾಯ ಮುಗಿದ ಹಾಗೆ ಒಂದೊಂದೇ ಕಳಿಸಬಹುದೇ?' ಇದು ಹತ್ತು ನಿಮಿಷದ ಕೆಲಸ. 60 ಪುಟ ಸಾಕು ಎಂದರೆ ಉಳಿಯುವುದು 48 ಪುಟ, 12,000 ಪದ, ಆರು ವಾರ. ಏಳನೇ ವಾರ ಪೂರ್ತಿ ಖಾಲಿ ಬಿಡಿ, ಎಂಟು ಒಂಬತ್ತು ತಿದ್ದುಪಡಿಗೆ, ಹತ್ತನೆಯದು ಪ್ರಿಂಟಿಗೆ.

80 ಪುಟವೇ ಬೇಕು ಎಂದರೆ ಒಂದೋ ಭಾನುವಾರವೂ ಮೂರು ಗಂಟೆ ಸೇರಿಸಬೇಕು, ಇಲ್ಲವೇ ಎಂಟು ಹತ್ತು ದಿನ ರಜೆ ಹಾಕಬೇಕು. ಮೂರನೇ ದಾರಿಯಿಲ್ಲ.

ಖಾಲಿ ವಾರ ಯಾಕೆ ಎಂದು ಕೇಳಬಹುದು. 1994ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ ನಿಮ್ಮ ಹಾಗೆಯೇ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು 'ಎಷ್ಟು ದಿನ ಬೇಕು' ಎಂದು ಕೇಳಿದ್ದರು. ಅವರು ಹೇಳಿದ್ದು ಸರಾಸರಿ 34 ದಿನ, ಹಿಡಿದದ್ದು 55 ದಿನ ದಾಟಿತು. 'ಎಲ್ಲವೂ ಕೈಕೊಟ್ಟರೆ ಎಷ್ಟು ದಿನ' ಅಂತಲೂ ಕೇಳಿದ್ದರು, ಅದಕ್ಕೆ ಕೊಟ್ಟ ಉತ್ತರವೂ 49 ದಿನದೊಳಗೇ ಇತ್ತು. ಮಗುವಿಗೆ ಜ್ವರ, ಆಫೀಸಲ್ಲಿ ರಿಲೀಸ್, ಊರಲ್ಲಿ ಮದುವೆ, ಇವು ಬಂದೇ ಬರುತ್ತವೆ. ಇಂಥ ದಿನ ಅಂತ ಮಾತ್ರ ಗೊತ್ತಿರುವುದಿಲ್ಲ.

---

ಟೈಪಿಂಗ್_ಮೇಜು:

ಫೋನು ಮತ್ತು ಫೈಲಿನ ವಿಷಯ ನಾನು ಹೇಳ್ತೀನಿ, ಯಾಕಂದ್ರೆ ಯೋಜನೆ ಎಷ್ಟೇ ಚೆನ್ನಾಗಿದ್ರೂ ಕೆಡೋದು ಇಲ್ಲೇ.

ನಿಮ್ಮ ಆಕರದ ಫೋಟೊಗಳು ಫೋನಲ್ಲಿವೆ. ಹಾಗಿದ್ರೆ ಪ್ರತಿ ಸಲ ಪುಟ ನೋಡೋಕೆ ಫೋನ್ ಎತ್ಕೋಬೇಕು, ಎತ್ಕೊಂಡ ಕೂಡಲೇ ವಾಟ್ಸ್ಆ್ಯಪ್ ಕಾಣುತ್ತೆ. ಬರೆಯೋಕೆ ಶುರು ಮಾಡೋ ಮುಂಚೆ ಒಂದು ಸಂಜೆ ಇಟ್ಕೊಂಡು ಎಲ್ಲಾ ಫೋಟೊ ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ತಗೊಳ್ಳಿ. ಕೆರೆಗೊಂದು ಫೋಲ್ಡರ್ ಮಾಡಿ. ಫೈಲಿನ ಹೆಸರಲ್ಲಿ ಪುಸ್ತಕದ ಹೆಸರು, ಪುಟದ ಸಂಖ್ಯೆ ಇರಲಿ. ಇದನ್ನ ಈಗ ಮಾಡದಿದ್ರೆ ಕೊನೇ ವಾರ ಅಡಿಟಿಪ್ಪಣಿ ಹಾಕುವಾಗ 'ಈ ಪುಟ ಯಾವ ಪುಸ್ತಕದ್ದು' ಅಂತ ಹುಡುಕ್ತಾ ಕೂರ್ಬೇಕಾಗುತ್ತೆ. ಈ ಒಂದು ಸಂಜೆ ಮಾತ್ರ ಬರವಣಿಗೆಯಿಂದ ತಪ್ಪಿಸಿಕೊಳ್ಳೋ ನೆಪ ಅಲ್ಲ, ನಿಜವಾದ ಕೆಲಸ.

ಆಮೇಲೆ ಫೋನ್ ಬೇರೆ ಕೋಣೆಯಲ್ಲಿರಲಿ. ಆ್ಯಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್, ಐಫೋನಿನ ಸ್ಕ್ರೀನ್ ಟೈಮ್ ಎರಡರಲ್ಲೂ ಆ್ಯಪ್‌ಗೆ ಮಿತಿ ಹಾಕಬಹುದು. ಆದ್ರೆ ಮಿತಿ ಹಾಕಿದವರೇ ಅದನ್ನ ತೆಗೀಬಹುದು, ಹಾಗಾಗಿ ನಾಲ್ಕನೇ ದಿನ ತೆಗೀತಾರೆ. ಫೋನ್ ಅಡುಗೆಮನೆ ಶೆಲ್ಫಲ್ಲಿದ್ರೆ ಎದ್ದು ಹೋಗ್ಬೇಕು, ಆ ಹತ್ತು ಹೆಜ್ಜೆ ಸಾಕು. ಸ್ಕೂಲಿಂದ, ಮನೆಯವರಿಂದ ಕರೆ ಬರಬಹುದು ಅಂತ ಹೆದರಿಕೆ ಇದ್ರೆ 'ಡು ನಾಟ್ ಡಿಸ್ಟರ್ಬ್' ಹಾಕಿ ಆ ನಂಬರುಗಳಿಗೆ ಮಾತ್ರ ವಿನಾಯಿತಿ ಕೊಡಿ, ರಿಂಗ್ ಜೋರಾಗಿರಲಿ. ಸಮಯ ನೋಡೋಕೂ ಫೋನ್ ಬೇಡ, ಒಂದು ಸಾಧಾರಣ ಟೈಂಪೀಸ್ ಸಾಕು.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನೋ ಪೊಮೊಡೊರೊ ಪದ್ಧತಿ ಬಗ್ಗೆ ಯಾರಾದ್ರೂ ಹೇಳೇ ಹೇಳ್ತಾರೆ. ಇಟಲಿಯ ಫ್ರಾನ್ಚೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ಓದೋಕೆ ಅಂತ ಮಾಡ್ಕೊಂಡಿದ್ದು ಅದು. ಟಿಪ್ಪಣಿ ಮಾಡೋಕೆ, ಅಡಿಟಿಪ್ಪಣಿ ಜೋಡಿಸೋಕೆ ಚೆನ್ನಾಗಿದೆ. ಬರವಣಿಗೆಗೆ ನನ್ನ ಪ್ರಕಾರ ಚಿಕ್ಕದಾಯ್ತು. ಹಳೇ ಪ್ಯಾರಾ ಓದಿ, ಆಕರ ನೋಡಿ, ವಾಕ್ಯ ಹದಕ್ಕೆ ಬರೋ ಹೊತ್ತಿಗೆ ಹದಿನೈದು ನಿಮಿಷ ಆಗಿರುತ್ತೆ, ಹತ್ತು ನಿಮಿಷಕ್ಕೆ ಗಂಟೆ ಹೊಡೆಯುತ್ತೆ. 40 ಅಥವಾ 45 ಇಟ್ಕೊಳ್ಳಿ. 90 ನಿಮಿಷದ ದಿನ ನಡುವೆ ಐದು ನಿಮಿಷ ಎದ್ದು ನೀರು ಕುಡಿದು ಬನ್ನಿ, ಫೋನ್ ಇರೋ ಕೋಣೆಗೆ ಮಾತ್ರ ಹೋಗ್ಬೇಡಿ.

ಕನ್ನಡ ಪ್ರಬಂಧಕ್ಕೆ ಇನ್ನೊಂದು ಮುಖ್ಯ ಮಾತು. ನೀವು ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡ್ತಿದ್ದೀರೋ ಯುನಿಕೋಡಲ್ಲೋ ಅಂತ ಇವತ್ತೇ ನೋಡ್ಕೊಳ್ಳಿ. ವಿಶ್ವವಿದ್ಯಾಲಯ ಯಾವುದನ್ನ ಕೇಳುತ್ತೆ ಅಂತ ವಿಚಾರಿಸಿ ಮೊದಲಿಂದ ಅದರಲ್ಲೇ ಬರೀರಿ. ಕೊನೇ ದಿನ ಪರಿವರ್ತಕಕ್ಕೆ ಹಾಕಿದ್ರೆ ಅರ್ಕಾವತ್ತು, ಒತ್ತಕ್ಷರ ಕೆಲವು ಕಡೆ ಜಾಗ ತಪ್ಪುತ್ತೆ, ಉದ್ಧರಣ ಚಿಹ್ನೆ ಕೆಡುತ್ತೆ, ನಡುನಡುವೆ ಇರೋ ಇಂಗ್ಲಿಷ್ ಪುಸ್ತಕದ ಹೆಸರು ಅರ್ಥವಿಲ್ಲದ ಕನ್ನಡ ಅಕ್ಷರ ಆಗಿಬಿಡುತ್ತೆ. 60 ಪುಟ ಕಣ್ಣಲ್ಲಿ ಓದಿ ಸರಿಮಾಡೋಕೆ ಎರಡು ಮೂರು ದಿನ ಬೇಕು. ಆಟೋ ಸೇವ್ ಹಾಕಿಡಿ, ದಿನಾ ಏಳುವಾಗ ಒಂದು ಪ್ರತಿ ನಿಮ್ಮದೇ ಮೇಲ್‌ಗೆ ಕಳಿಸ್ಕೊಳ್ಳಿ. ಬೆಸ್ಕಾಂ ಮುಂಚೆ ಹೇಳಿ ಕರೆಂಟ್ ತೆಗೆಯೋ ದಿನ ಲ್ಯಾಪ್‌ಟಾಪ್ ಹಿಂದಿನ ರಾತ್ರಿಯೇ ಚಾರ್ಜ್ ಆಗಿರಲಿ.

---

ವಿಜಯನಗರ_ಓದುಗಿ:

ತುಂಬಾ ಧನ್ಯವಾದ. ಗೈಡ್‌ಗೆ ಮೇಲ್ ಹಾಕಿದೆ. ಅಧ್ಯಾಯ ಒಂದೊಂದೇ ಕಳಿಸಿ ಅಂದರು, ಅನುಬಂಧ ಸೇರಿ 60 ಪುಟ ಸಾಕಂತೆ. ಅದನ್ನು ನೋಡಿಕೊಂಡು ಈ ವೇಳಾಪಟ್ಟಿ ಹಾಕಿದ್ದೀನಿ, ತಪ್ಪಿದ್ದರೆ ಹೇಳಿ:

ದಿನಾ ಬೆಳಿಗ್ಗೆ 4:30ಕ್ಕೆ ಎದ್ದು 6ರವರೆಗೆ ಬರೆಯೋದು. ಮೆಟ್ರೊದಲ್ಲಿ ಹೋಗುವಾಗ ಫೋನಲ್ಲಿ ಟೈಪ್ ಮಾಡೋದು, ಬರುವಾಗ ಓದೋದು. ರಾತ್ರಿ 9:30ರಿಂದ 11ರವರೆಗೆ ಮತ್ತೆ ಬರೆಯೋದು. ಶನಿವಾರ 8ರಿಂದ 1, ಭಾನುವಾರ 3ರಿಂದ 7. ಊಟದ ಬಿಡುವಲ್ಲಿ ಇ-ಖಾತಾ ಇತ್ಯಾದಿ.

---

ಬಸವನಗುಡಿ_ಬೆಳಗು:

ಮೇಡಂ, ಇದು ನಾಲ್ಕನೇ ದಿನಕ್ಕೆ ಮುರಿದು ಬೀಳುತ್ತದೆ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ರಾತ್ರಿ 11ಕ್ಕೆ ಬರವಣಿಗೆ ನಿಲ್ಲಿಸಿದರೆ ನಿದ್ದೆ ಹತ್ತುವುದು 11:30ಕ್ಕೆ. 4:30ಕ್ಕೆ ಎದ್ದರೆ ಐದೇ ಗಂಟೆ ನಿದ್ದೆ. ಎರಡು ದಿನ ತಡೆಯಬಹುದು. ಮೂರನೇ ದಿನ ಆಫೀಸಲ್ಲಿ ತಲೆ ಓಡುವುದಿಲ್ಲ, ನಾಲ್ಕನೇ ದಿನ ಅಲಾರಂ ಆರಿಸಿ ಮಲಗುತ್ತೀರಿ, ಆಮೇಲೆ ಪಟ್ಟಿ ಪೂರ್ತಿ ಕೈಬಿಡುತ್ತೀರಿ. ಬೆಳಿಗ್ಗೆ ಅಥವಾ ರಾತ್ರಿ, ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ. ನೀವೇ ಬರೆದ ಹಾಗೆ ರಾತ್ರಿ ಒಂಬತ್ತೂವರೆಗೆ ತಿದ್ದುವುದು, ಹುಡುಕುವುದು ಮಾತ್ರ ಆಗುತ್ತಿದೆ. ಆ ಹೊತ್ತಿಗೆ ಹೊಸ ವಾಕ್ಯ ಹುಟ್ಟುವುದಿಲ್ಲ. ಆದ್ದರಿಂದ ಬೆಳಿಗ್ಗೆಯೇ ಸರಿ. ಆದರೆ 4:30 ಅಲ್ಲ, 5:30. 10:30ಕ್ಕೆ ಮಲಗಿದರೆ ಏಳು ಗಂಟೆ ನಿದ್ದೆ ಸಿಗುತ್ತದೆ. ಸಂಜೆ ಐದರ ಮೇಲೆ ಕಾಫಿ ಬೇಡ. ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ಐದು ಗಂಟೆ ಕಳೆದರೂ ಮೈಯಲ್ಲಿ ಉಳಿದಿರುತ್ತದೆ.

ಮೆಟ್ರೊದಲ್ಲಿ ಟೈಪ್ ಮಾಡುವ ಯೋಚನೆ ಬಿಡಿ. ವಿಜಯನಗರದಲ್ಲಿ ಹತ್ತುವಾಗ ಸೀಟು ಸಿಗುವುದು ಕಷ್ಟ. ಮೆಜೆಸ್ಟಿಕ್‌ನಲ್ಲಿ ಇಳಿಯುವವರಿದ್ದರೂ ಹಸಿರು ಮಾರ್ಗದಿಂದ ಬಂದು ಹತ್ತುವವರು ಅಷ್ಟೇ ಇರುತ್ತಾರೆ. ನಿಂತುಕೊಂಡು ಒಂದು ಕೈಯಲ್ಲಿ ಕಂಬ ಹಿಡಿದು ಕನ್ನಡ ಟೈಪ್ ಮಾಡಲಾಗುವುದಿಲ್ಲ, ಕೊನೆಗೆ ರೀಲ್ಸ್ ನೋಡುವುದೇ ಆಗುತ್ತದೆ. ಆ ಒಂದು ಗಂಟೆಗೆ ಎರಡೇ ಕೆಲಸ ಹೊಂದುತ್ತವೆ. ಒಂದು, ಹಿಂದಿನ ದಿನ ಬರೆದ ಎರಡು ಹಾಳೆಯ ಪ್ರಿಂಟನ್ನು ಪೆನ್ನು ಹಿಡಿದು ಓದುವುದು. ಇನ್ನೊಂದು, ಟಿಪ್ಪಣಿಗಳನ್ನು ಮನೆಯಲ್ಲೇ ನೀವೇ ಓದಿ ರೆಕಾರ್ಡ್ ಮಾಡಿಟ್ಟು ಇಯರ್‌ಫೋನಿನಲ್ಲಿ ಕೇಳುವುದು. ನೆಲದಡಿಯ ಭಾಗದಲ್ಲಿ ನೆಟ್ ಕೈಕೊಡಬಹುದು, ಏನೇ ಇದ್ದರೂ ಮೊದಲೇ ಡೌನ್‌ಲೋಡ್ ಮಾಡಿಕೊಂಡಿರಿ. ಬರುವಾಗ ಏನೂ ಬೇಡ, ಸುಮ್ಮನೆ ಬನ್ನಿ.

ಭಾನುವಾರವನ್ನು ಪಟ್ಟಿಯಿಂದ ತೆಗೆಯಿರಿ. ವಾರದಲ್ಲಿ ತಪ್ಪಿದ ಒಂದು ಪಾಳಿಯನ್ನು ತುಂಬಿಕೊಳ್ಳಲು ಮಾತ್ರ ಬಳಸಿ, ಏನೂ ತಪ್ಪದಿದ್ದರೆ ಮುಟ್ಟಬೇಡಿ. ಶನಿವಾರ 8ರಿಂದ 1 ಎಂದು ಉದ್ದಕ್ಕೆ ಬರೆದರೆ ಅದು ಇನ್ನೊಂದು 'ಇಡೀ ಭಾನುವಾರ' ಆಗುತ್ತದೆ. 9:00ರಿಂದ 10:30, ಇಪ್ಪತ್ತು ನಿಮಿಷ ತಿಂಡಿ ಕಾಫಿ, 10:50ರಿಂದ 12:20. ಮನೆಯಲ್ಲಿ ಟಿವಿ, ನೆಂಟರು ಅಂತ ಗದ್ದಲ ಇದ್ದರೆ ಹತ್ತಿರದ ನಗರ ಗ್ರಂಥಾಲಯ ಶಾಖೆಗೆ ಹೋಗಿ. ಇಲ್ಲವೇ ಮೆಟ್ರೊ ಹಿಡಿದು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋದರೂ ಸರಿ, ತೆರೆದಿರುವ ದಿನ ಮೊದಲೇ ನೋಡಿಕೊಳ್ಳಿ. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಏನಾದರೂ ನೋಡುವುದು ಬಾಕಿಯಿದ್ದರೆ ಅದು ಕೆಲಸದ ದಿನವೇ ಆಗಬೇಕು. ಎರಡನೇ ವಾರದೊಳಗೆ ಒಂದು ರಜೆ ಹಾಕಿ ಮುಗಿಸಿಬಿಡಿ, ಕೊನೆಗೆ ಉಳಿಸಬೇಡಿ.

ಸಣ್ಣ ಕೆಲಸಗಳನ್ನು ದಿನಾ ಊಟದ ಬಿಡುವಿಗೆ ಚೆಲ್ಲಬೇಡಿ. ಮನೆಯಿಂದ ಕೆಲಸ ಮಾಡುವ ಒಂದು ದಿನ ಮಧ್ಯಾಹ್ನ 1:30ರಿಂದ 2:30, ವಾರಕ್ಕೆ ಒಂದೇ ಗಂಟೆ. ಶನಿವಾರಕ್ಕೆ ಇಟ್ಟರೆ ಎರಡನೇ, ನಾಲ್ಕನೇ ಶನಿವಾರ ಬ್ಯಾಂಕೂ ಇಲ್ಲ, ಸರ್ಕಾರಿ ಕಚೇರಿಯೂ ಇಲ್ಲ. ತಡವಾದರೆ ಯಾವುದಕ್ಕೆ ಪೆಟ್ಟು ಹೆಚ್ಚೋ ಅದು ಮೊದಲು.

ಮೊದಲು ಸ್ಕೂಟರ್ ವಿಮೆ. ವಿಮೆಯಿಲ್ಲದೆ ರಸ್ತೆಗಿಳಿಸುವಂತೆಯೇ ಇಲ್ಲ. ಅವಧಿ ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ಸೂ (ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ. ಆನ್‌ಲೈನಲ್ಲಿ ಇಪ್ಪತ್ತು ನಿಮಿಷದ ಕೆಲಸ. ಆಮೇಲೆ ರಿಟರ್ನ್. ಕೊನೆಯ ದಿನ ದಾಟಿದರೆ ಆದಾಯ 5 ಲಕ್ಷ ಮೀರಿದವರಿಗೆ 5,000 ರೂಪಾಯಿವರೆಗೆ ತಡದ ಶುಲ್ಕ. ಅದಾದ ಮೇಲೆ ಇ-ಖಾತಾ. ಮನೆ ಮಾರುವ ಅವಸರ ಇಲ್ಲದಿದ್ದರೆ ಎರಡು ವಾರ ತಡವಾದರೂ ಪರವಾಗಿಲ್ಲ, ಆದರೆ ಕಾಗದ ಹುಡುಕುವುದರಲ್ಲೇ ಜನ ಸೋಲುತ್ತಾರೆ. ಹಾಗಾಗಿ ಮೊದಲ ವಾರದ ಗಂಟೆಯಲ್ಲಿ ಅರ್ಜಿ ಹಾಕುವುದು ಬೇಡ. ಕ್ರಯಪತ್ರ, ಆಸ್ತಿ ತೆರಿಗೆ ರಸೀದಿ, ಆಧಾರ್, ಬೆಸ್ಕಾಂ ಬಿಲ್ಲು, ಮನೆಯ ಮುಂಭಾಗದ ಫೋಟೊ ಇವನ್ನು ಒಂದು ಫೋಲ್ಡರಿಗೆ ಹಾಕುವುದಷ್ಟೇ ಆ ದಿನದ ಕೆಲಸ. ಎರಡನೇ ವಾರ ಕೂತರೆ ಅರ್ಜಿ ತಾನಾಗಿ ಮುಗಿಯುತ್ತದೆ.

ಬರೆಯುವಾಗ ಇವು ನೆನಪಾಗಿ ಕಾಡಿದರೆ ಪಕ್ಕದ ಹಾಳೆಯಲ್ಲಿ 'ವಿಮೆ, ಬುಧವಾರ 1:30' ಎಂದು ಗೀಚಿ ಮುಂದುವರಿಯಿರಿ. ಮಾಡುವ ದಿನ, ಹೊತ್ತು ಬರೆದಿಟ್ಟ ಮೇಲೆ ಬಾಕಿ ಕೆಲಸ ಅಷ್ಟು ಕಾಡುವುದಿಲ್ಲ ಅನ್ನುವುದನ್ನು 2011ರ ಒಂದು ಸಂಶೋಧನೆಯೂ ತೋರಿಸಿದೆ. 'ಎರಡೇ ನಿಮಿಷದ್ದು, ಈಗಲೇ ಮುಗಿಸಿಬಿಡೋಣ' ಎಂಬ ಸಲಹೆಯನ್ನು ಬೇರೆ ಹೊತ್ತಿನಲ್ಲಿ ಪಾಲಿಸಿ, ಬರೆಯುವ 40 ನಿಮಿಷದಲ್ಲಿ ಖಂಡಿತ ಬೇಡ. ಎರಡು ನಿಮಿಷಕ್ಕೆ ಎದ್ದವರು ವಾಕ್ಯದ ಎಳೆ ಹುಡುಕಲು ಹತ್ತು ನಿಮಿಷ ಕಳೆಯುತ್ತಾರೆ.

---

ಮನಸ್ಸಿನ_ಮಾತು:

ಒಂದು ಮಾತು ಸೇರಿಸುತ್ತೇನೆ, ಇದು ನಿಮಗೆ ಅನ್ವಯಿಸದೇ ಇರಬಹುದು. ಕೆಲಸ ಮುಂದೂಡುವುದು ಎಲ್ಲರಲ್ಲೂ ಇದೆ, ಅದೇ ಒಂದು ಕಾಯಿಲೆಯಲ್ಲ. ಆದರೆ ವಸ್ತು ಕಳೆದುಕೊಳ್ಳುವುದು, ಮಾತಿನ ನಡುವೆ ಗಮನ ತಪ್ಪುವುದು, ಬಿಲ್ಲು ಕಟ್ಟಲು ಮರೆಯುವುದು ಇವು ಹನ್ನೆರಡು ವರ್ಷಕ್ಕೆ ಮುಂಚಿನಿಂದಲೂ, ಮನೆ ಶಾಲೆ ಆಫೀಸು ಎಲ್ಲ ಕಡೆಯೂ ಇದ್ದರೆ ಅದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ, ಇರಬಹುದು. ಆಗ ಚೀಟಿ, ಟೈಂಪೀಸ್ ಮಾತ್ರದಿಂದ ಆಗುವುದಿಲ್ಲ, ಮನೋವೈದ್ಯರು ನೋಡಬೇಕು. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ ಹಸಿವು ಕೆಟ್ಟಿದೆ ಎಂದರೆ ಖಿನ್ನತೆಯ ಸಾಧ್ಯತೆ ಇರುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೆ ಹೋಗಬಹುದು. ಫೋನ್, ಗೇಮ್ ಬಿಡಲಾಗದವರಿಗೆ ಅಲ್ಲಿಯೇ 2014ರಿಂದ 'ಶಟ್' ಎಂಬ ಪ್ರತ್ಯೇಕ ಕ್ಲಿನಿಕ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

---

ವಿಜಯನಗರ_ಓದುಗಿ:

ನಿದ್ದೆ, ಊಟ ಎಲ್ಲ ಸರಿಯಿದೆ, ಬರೀ ಪ್ರಬಂಧದ ವಿಷಯದಲ್ಲೇ ಹೀಗೆ. 5:30ರ ಪಟ್ಟಿಯನ್ನೇ ಇಟ್ಟುಕೊಳ್ತೀನಿ. ಕೊನೇ ಪ್ರಶ್ನೆ: ಒಂದು ದಿನ ತಪ್ಪಿದರೆ ಏನು ಮಾಡೋದು? ಒಂದು ದಿನ ತಪ್ಪಿತು ಅಂದರೆ ಪೂರ್ತಿ ವಾರ ಹೋಗುತ್ತೆ, ಅದೇ ಭಯ.

---

ಕರಡು_ತಿದ್ದುವವ:

ತಪ್ಪಿದ 40 ನಿಮಿಷವನ್ನು ಮರುದಿನಕ್ಕೆ ಸೇರಿಸಬೇಡಿ. 40 ಇದ್ದದ್ದು 80 ಆದರೆ ಅದೂ ತಪ್ಪುತ್ತದೆ, ಮೂರನೇ ದಿನ 120 ಆಗಿ ನಿಲ್ಲುತ್ತದೆ. ಪೂರ್ತಿ ವಾರ ಹೋಗುವುದು ಹೀಗೆಯೇ. ಮರುದಿನ ಅದೇ ಹೊತ್ತಿಗೆ ಅದೇ 40 ನಿಮಿಷ ಕೂತರಾಯಿತು. ತಪ್ಪಿದ್ದು ಭಾನುವಾರದ ಪಾಳಿಗೆ ಹೋಗುತ್ತದೆ, ಅಲ್ಲೂ ಆಗದಿದ್ದರೆ ಏಳನೇ ವಾರಕ್ಕೆ. ಆ ಖಾಲಿ ವಾರ ಇರುವುದೇ ಅದಕ್ಕೆ.

ನಿಮ್ಮನ್ನು ನೀವು ಬೈದುಕೊಳ್ಳಲೂ ಬೇಡಿ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿ, ಆಮೇಲೆ ಅದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಎರಡನೇ ಪರೀಕ್ಷೆಗೆ ಕಡಿಮೆ ಮುಂದೂಡಿದರು ಎಂದು 2010ರ ಒಂದು ಅಧ್ಯಯನ ಕಂಡುಕೊಂಡಿದೆ. ಬೈದುಕೊಂಡಷ್ಟೂ ಆ ಫೈಲ್ ತೆರೆಯುವುದೇ ಹಿಂಸೆಯಾಗುತ್ತದೆ, ಹಿಂಸೆಯಾದಷ್ಟೂ ದೂರ ಇಡುತ್ತೀರಿ.

ಆಫೀಸಿಂದ ಹನ್ನೊಂದಕ್ಕೆ ಬಂದ ರಾತ್ರಿ, ಮಗನಿಗೆ ಜ್ವರ ಬಂದ ದಿನ, ಇಂಥವಕ್ಕೆ ಬೇರೆ ಅಳತೆ ಇಟ್ಟುಕೊಳ್ಳಿ: ಫೈಲ್ ತೆರೆದು ಒಂದೇ ಒಂದು ಹಳದಿ ಜಾಗ ತುಂಬಿ ಮುಚ್ಚುವುದು, ಐದು ನಿಮಿಷ. ಸತತವಾಗಿ ಎರಡು ದಿನ ಪೂರ್ತಿ ತಪ್ಪಿದರೆ ಮಾತ್ರ ಏನೋ ಹೊಂದುತ್ತಿಲ್ಲ ಎಂದು ತಿಳಿದು ಚೀಟಿ ನೋಡಿ. ಸಾಮಾನ್ಯವಾಗಿ ಆ ಚೀಟಿಯೇ ದೊಡ್ಡದಾಗಿರುತ್ತದೆ, ಇಲ್ಲವೇ ಅದಕ್ಕೆ ಬೇಕಾದ ಆಕರ ನಿಮ್ಮ ಹತ್ತಿರ ಇರುವುದಿಲ್ಲ. ದೊಡ್ಡದಿದ್ದರೆ ಒಡೆಯಿರಿ. ಆಕರ ಇಲ್ಲದಿದ್ದರೆ ಪಕ್ಕಕ್ಕಿಟ್ಟು ಬೇರೆ ಕೆರೆಯ ಚೀಟಿ ತೆಗೆದುಕೊಳ್ಳಿ, ಅಧ್ಯಾಯವನ್ನು ಮೊದಲಿನಿಂದ ಕೊನೆಗೆ ಸಾಲಾಗಿಯೇ ಬರೆಯಬೇಕೆಂದೇನಿಲ್ಲ. ಪೀಠಿಕೆಯನ್ನಂತೂ ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ.

ಮೊದಲ ಅಧ್ಯಾಯ ಗೈಡ್‌ಗೆ ಹೋದ ದಿನ ಇಲ್ಲಿ ಒಂದು ಸಾಲು ಹಾಕಿ. ಅವರು ಕೊಟ್ಟ ತಿದ್ದುಪಡಿ ನೋಡಿದರೆ ಮುಂದಿನ ನಾಲ್ಕಕ್ಕೆ ಹಿಡಿಯುವ ಹೊತ್ತಿನ ಲೆಕ್ಕವನ್ನು ಲೆಕ್ಕದ_ಪುಸ್ತಕ ಅವರು ಇನ್ನೊಮ್ಮೆ ಹಾಕಿಕೊಡಬಹುದು.